ನಿಮಗಿದು ಗೊತ್ತೇ? ಜ್ಞಾನಭಾರತಿಯಿಂದ ಕೆಲಸಕ್ಕೆ ಎಷ್ಟು ದೂರ

ಜ್ಞಾನಭಾರತಿ ಮೆಟ್ರೊ ನಿಲ್ದಾಣದಲ್ಲಿ ಹತ್ತಿ ಕೂತರೆ ಎಲ್ಲೂ ರೈಲು ಬದಲಿಸದೆ ವೈಟ್‌ಫೀಲ್ಡ್‌ನಲ್ಲಿ ಇಳಿಯಬಹುದು. ಕೆಂಗೇರಿವರೆಗಿನ ವಿಸ್ತರಣೆಗೆ ಚಾಲನೆ ಸಿಕ್ಕಿದ್ದು 2021ರ ಆಗಸ್ಟ್ 29ಕ್ಕೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ಇಡೀ ನೇರಳೆ ಮಾರ್ಗ, ಸುಮಾರು 43 ಕಿಲೋಮೀಟರ್, ತೆರೆದುಕೊಂಡಿದ್ದು 2023ರ ಅಕ್ಟೋಬರ್ 9ಕ್ಕೆ. “ಇಂಟರ್‌ವ್ಯೂ ಐಟಿಪಿಎಲ್ ಹತ್ರ ಅಂತೆ, ಅಷ್ಟು ದೂರ ಯಾರ್ ಹೋಗ್ತಾರೆ ಗುರು” ಅನ್ನುವ ಮಾತಿಗೆ ಅವತ್ತಿನಿಂದ ಬೆಲೆ ಇಲ್ಲ. ಟಿಕೆಟ್ ದುಬಾರಿ ಎಂಬ ದೂರು ಬೇರೆ, ಅದು ನ್ಯಾಯವಾದದ್ದೇ.

ಅಷ್ಟು ದೂರ ಹೋಗಲೇಬೇಕೆಂದೂ ಇಲ್ಲ. ಕೆಂಗೇರಿ ಕಡೆಗೆ ಜ್ಞಾನಭಾರತಿಯ ಮುಂದಿನ ನಿಲ್ದಾಣವೇ ಪಟ್ಟಣಗೆರೆ. ಆ ಭಾಗದಲ್ಲಿ, ಮೈಸೂರು ರಸ್ತೆಯ ಒಳಗಡೆ, ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಇದೆ. 1999ರಲ್ಲಿ ಹುಟ್ಟಿದ ಮೈಂಡ್‌ಟ್ರೀ ಕಂಪನಿ ನೆಲೆ ಊರಿದ್ದು ಅಲ್ಲೇ. ಆ ಪಾರ್ಕಿನ ಗೇಟಿನ ಮುಂದೆ ಮೂರು ವರ್ಷ ಬಸ್ಸಿನಲ್ಲಿ ಓಡಾಡಿ, ಒಳಗೇನಿದೆ ಎಂದು ಒಮ್ಮೆಯೂ ವಿಚಾರಿಸದೆ ಪದವಿ ಮುಗಿಸಿದವರು ಎಷ್ಟೋ ಮಂದಿ.

ಬೆಂಗಳೂರು ವಿಶ್ವವಿದ್ಯಾಲಯ ಶುರುವಾದಾಗ ಜ್ಞಾನಭಾರತಿ ಆವರಣ ಇರಲೇ ಇಲ್ಲ, ಗೊತ್ತೇ? 1964ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬೇರೆಯಾದಾಗ ಅದರ ಕೈಯಲ್ಲಿದ್ದದ್ದು ಸೆಂಟ್ರಲ್ ಕಾಲೇಜು ಮತ್ತು ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಎಂಜಿನಿಯರಿಂಗ್ ಕಾಲೇಜು, ಅಂದರೆ ಇವತ್ತಿನ ಯುವಿಸಿಇ. ಸುಮಾರು 1,100 ಎಕರೆಯ ಈ ಆವರಣಕ್ಕೆ ವಿಭಾಗಗಳು ಬಂದದ್ದು 1973ರಲ್ಲಿ. ಇದರಿಂದ ಕೆಲಸ ಹುಡುಕುವವರಿಗೇನು ಅಂತೀರಾ? ಇದೆ. 1998ರಲ್ಲಿ ವಿಟಿಯು ಬರುವ ಮುಂಚೆ ಬೆಂಗಳೂರಿನ ಎಂಜಿನಿಯರಿಂಗ್ ಪದವಿ ಕೊಡುತ್ತಿದ್ದುದು ಈ ವಿಶ್ವವಿದ್ಯಾಲಯವೇ. 2017ರಲ್ಲಿ ಮತ್ತೆ ಮೂರು ಪಾಲಾಯಿತು: ಸೆಂಟ್ರಲ್ ಕಾಲೇಜಿನದು ಒಂದು, ಕೋಲಾರದ ಕಡೆಯ ಉತ್ತರ ವಿಶ್ವವಿದ್ಯಾಲಯ ಇನ್ನೊಂದು, ಉಳಿದದ್ದು ಇಲ್ಲಿ. ಹಾಗಾಗಿ ನಕಲು ಅಂಕಪಟ್ಟಿಗೆ, ಪದವಿ ಪರಿಶೀಲನೆಗೆ ಯಾವ ಗೇಟಿಗೆ ಹೋಗಬೇಕು ಎಂದು ತೀರ್ಮಾನ ಮಾಡುವುದು ನಿಮ್ಮ ಕಾಲೇಜು ಇರುವ ಜಾಗವಲ್ಲ, ಅಂಕಪಟ್ಟಿಯ ತಲೆಯ ಮೇಲೆ ಅಚ್ಚಾಗಿರುವ ವಿಶ್ವವಿದ್ಯಾಲಯದ ಹೆಸರು. ಇದು ತಿಳಿಯದೆ ಮೆಜೆಸ್ಟಿಕ್ ಕಡೆಗೂ ಕೆಂಗೇರಿ ಕಡೆಗೂ ಎರಡೆರಡು ದಿನ ಅಲೆದು, ಆಫರ್ ಕೊಟ್ಟ ಕಂಪನಿಯ ಗಡುವು ಮೀರಿಸಿಕೊಂಡವರಿದ್ದಾರೆ.

ಡಿಜಿಲಾಕರ್ ಮೂಲಕ ಬಂದ ಅಂಕಪಟ್ಟಿ ಕಾಗದದ ಮೂಲಪ್ರತಿಗೆ ಸಮ. 2016ರ ನಿಯಮವೇ ಹಾಗೆ ಹೇಳುತ್ತದೆ. ಆದರೆ ನೀವೇ ಮೊಬೈಲಿನಲ್ಲಿ ಫೋಟೊ ಹೊಡೆದು ಅದರೊಳಗೆ ಏರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ. ಸಂಸ್ಥೆ ತಾನೇ ಹಾಕಿದ ದಾಖಲೆಗೆ ಮಾತ್ರ.

ಇನಿಷಿಯಲ್ಲಿನ ವಿಚಾರ ಸ್ವಲ್ಪ ನಿಧಾನವಾಗಿ ನೋಡೋಣ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.ಆರ್.’ ಅಂತಿದೆ ಎಂದುಕೊಳ್ಳಿ. ಪದವಿ ಅಂಕಪಟ್ಟಿಯಲ್ಲಿ ಅದೇ ‘ಎಚ್.ಆರ್. ಮಂಜುನಾಥ್’ ಆಗಿದೆ, ಕೊನೆಯ ‘ಎ’ ಅಕ್ಷರ ಹಾರಿಹೋಗಿದೆ. ಆಧಾರ್ ಮಾಡಿಸಿದವರು ಇನಿಷಿಯಲ್ ಬಿಟ್ಟು ಬರೀ ಮಂಜುನಾಥ ಅಂದಿದ್ದಾರೆ. ಪ್ಯಾನ್ ಕಾರ್ಡಿನಲ್ಲಿ ಹುಲಿಯೂರು ರಾಮಯ್ಯ ಎಂದು ಊರೂ ಅಪ್ಪನೂ ಪೂರ್ತಿ ಬಂದು ಕೂತಿದ್ದಾರೆ. ನಮ್ಮ ಕಣ್ಣಿಗೆ ನಾಲ್ವರೂ ಒಬ್ಬನೇ. ಹಿನ್ನೆಲೆ ಪರಿಶೀಲಿಸುವ ಕಂಪನಿಯ ಕಂಪ್ಯೂಟರಿಗೆ ನಾಲ್ಕು ಜನ. ಪಾಸ್‌ಪೋರ್ಟ್‌ನವರು ಇನಿಷಿಯಲ್ಲನ್ನು ಒಪ್ಪುವುದೇ ಇಲ್ಲ, ಬಿಡಿಸಿ ಬರೆಯಬೇಕು. ಆಧಾರಿನಲ್ಲಿ ಹೆಸರು ತಿದ್ದಿಸಲು ಸಿಗುವುದು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನ ತಿದ್ದಲು 1 ಸಲ. ಸರ್ಕಾರಿ ಕೆಲಸಕ್ಕೆ ಹುಟ್ಟಿದ ದಿನದ ಆಧಾರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಆದ್ದರಿಂದ, ಉಳಿದವನ್ನೆಲ್ಲ ಅದಕ್ಕೆ ಹೊಂದಿಸುವುದು ಜಾಣತನ. ಐದನೇ ಸೆಮಿಸ್ಟರಿನಲ್ಲಿ ಮಾಡಿಸಿದರೆ ಒಂದು ಮಧ್ಯಾಹ್ನದ ಕೆಲಸ. ಆಫರ್ ಲೆಟರ್ ಬಂದ ಮೇಲೆ ಹೊರಟರೆ ಮೈಯೆಲ್ಲ ಬೆವರು.

ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ಕೇಂದ್ರ ಕಚೇರಿ ದೆಹಲಿಯಲ್ಲಿಲ್ಲ. 1994ರಲ್ಲಿ ಶುರುವಾದ ಅದು ಇರುವುದು ಇಲ್ಲೇ, ನಾಗರಬಾವಿಯಲ್ಲಿ.

ನ್ಯಾಕ್‌ನ ಎದುರಿಗೇ ನ್ಯಾಷನಲ್ ಲಾ ಸ್ಕೂಲ್. ದೇಶದ ಮೊದಲ ರಾಷ್ಟ್ರೀಯ ಕಾನೂನು ಶಾಲೆ ಎದ್ದು ನಿಂತದ್ದು ಬೆಂಗಳೂರು ವಿಶ್ವವಿದ್ಯಾಲಯ ಬಿಟ್ಟುಕೊಟ್ಟ ಜಾಗದಲ್ಲಿ. ಅಲ್ಲಿ ಓದಿದವರಿಗೆ ಕೆಲಸ ಹುಡುಕಿಕೊಂಡು ಬರುತ್ತದೆ ಎಂದು ಈಚೆ ಕಡೆಯ ಹಾಸ್ಟೆಲ್ ಹುಡುಗರು ನಿಟ್ಟುಸಿರು ಬಿಡುವುದುಂಟು. ಆದರೆ ಒಂದು ಬಾಗಿಲು ಅವರಿಗೆ ಮುಚ್ಚಿದ್ದು ಇವರಿಗೆ ತೆರೆದಿತ್ತು. 2024ರ ಅಕ್ಟೋಬರ್ 3ಕ್ಕೆ ಪ್ರಾಯೋಗಿಕವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ದೊಡ್ಡ ಕಂಪನಿಗಳಲ್ಲಿ 12 ತಿಂಗಳ ಇಂಟರ್ನ್‌ಶಿಪ್, ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಮ್ಮೆ 6,000. ಆಗಿನ ಷರತ್ತು: ವಯಸ್ಸು 21ರಿಂದ 24, ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗೆ. ಐಐಟಿ, ಐಐಎಂ, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪದವೀಧರರು ಅರ್ಜಿಯನ್ನೇ ಹಾಕುವಂತಿಲ್ಲ. ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿಸಿಎ ಆದವರು ಹಾಕಬಹುದು. ಇದರಲ್ಲಿ ಇನ್ನೊಂದು ತಿರುವು ಇದೆ: ಎಂ.ಎ., ಎಂ.ಕಾಂ. ಮುಗಿಸಿದವರಿಗೂ ಅವಕಾಶವಿಲ್ಲ. ಪೂರ್ಣಾವಧಿ ಓದುತ್ತಿರುವವರಿಗೂ ಇಲ್ಲ. “ಕೆಲಸ ಸಿಗಲಿಲ್ಲ, ಪಿ.ಜಿ.ಗಾದರೂ ಸೇರೋಣ” ಎಂದು ಜ್ಞಾನಭಾರತಿಗೆ ಬಂದವರು ಈ ಸಾಲನ್ನು ಎರಡು ಸಲ ಓದಿಕೊಳ್ಳಬೇಕು.

ರಾಜ್ಯ ಸರ್ಕಾರದ ಯುವನಿಧಿ ಭತ್ಯೆಯ ಕಥೆಯೂ ಹೀಗೇ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ 2 ವರ್ಷ. 2024ರ ಜನವರಿ 12ಕ್ಕೆ ಶಿವಮೊಗ್ಗದಲ್ಲಿ ಮೊದಲ ಕಂತು ಬಿಡುಗಡೆಯಾಯಿತು. ಪಾಸಾಗಿ 6 ತಿಂಗಳು ಕೆಲಸವಿಲ್ಲದವರಿಗೆ ಇದು. ಮುಂದೆ ಓದಲು ಸೇರಿದರೆ ನಿಲ್ಲುತ್ತದೆ.

ಅಪ್ರೆಂಟಿಸ್ ಅಂದರೆ ಐಟಿಐ ಹುಡುಗರು, ಎಣ್ಣೆ ಮೆತ್ತಿದ ನೀಲಿ ಅಂಗಿ ಎಂದು ಇನ್ನೂ ಅಂದುಕೊಂಡಿದ್ದೀರಾ? ಅಪ್ರೆಂಟಿಸ್ ಕಾಯ್ದೆ 1961ರದು. 1973ರಲ್ಲಿ ಎಂಜಿನಿಯರ್‌ಗಳನ್ನು ಒಳಗೆ ಸೇರಿಸಿಕೊಂಡಿತು. 2014ರ ತಿದ್ದುಪಡಿ ಬಿ.ಎ., ಬಿ.ಕಾಂ.ನವರಿಗೂ ಬಾಗಿಲು ತೆಗೆಯಿತು. 2019ರ ನಿಯಮದಂತೆ 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ತನ್ನ ಬಲದ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಪದವೀಧರರಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಎಂದು ಆ ನಿಯಮ ಗೊತ್ತುಮಾಡಿತು. ಎಚ್‌ಎಎಲ್, ಬಿಇಎಲ್‌ಗಳಲ್ಲಿ ಇದು ಪ್ರತಿವರ್ಷದ ಹಬ್ಬ. ಬ್ಯಾಂಕುಗಳೂ ಕರೆಯುತ್ತವೆ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಈಗ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿರುವ ಕೆನರಾ ಬ್ಯಾಂಕ್ 2024ರಲ್ಲಿ 3,000 ಪದವೀಧರ ಅಪ್ರೆಂಟಿಸ್‌ಗಳನ್ನು ಕರೆದಿತ್ತು. ತಿಂಗಳಿಗೆ 15,000, ಅದರಲ್ಲಿ 4,500 ಸರ್ಕಾರದ ಪಾಲು.

ಆ ಪ್ರಕಟಣೆಯ ಒಳಗಿದ್ದ ಒಂದು ಸಾಲು ನಮ್ಮವರಿಗೆ ಮುಖ್ಯ. ಯಾವ ರಾಜ್ಯಕ್ಕೆ ಅರ್ಜಿ ಹಾಕುತ್ತೀರೋ ಅಲ್ಲಿನ ಭಾಷೆಯ ಪರೀಕ್ಷೆ ಇರುತ್ತದೆ. ಹತ್ತನೇ ಅಥವಾ ಹನ್ನೆರಡನೇ ತರಗತಿಯಲ್ಲಿ ಆ ಭಾಷೆ ಓದಿದ್ದರೆ ಪರೀಕ್ಷೆ ಇಲ್ಲ. ಕನ್ನಡ ಓದಿದ್ದು ಕೆಲಸಕ್ಕೆ ಬಾರದು ಎಂದು ಕೊರಗುವವರು ಆ ಸಾಲನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಲಿ. ಎಚ್ಚರ ಒಂದಿದೆ: ಅಪ್ರೆಂಟಿಸ್ ಮುಗಿದರೆ ಅದೇ ಕಡೆ ಕೆಲಸ ಕೊಡಬೇಕೆಂಬ ಕಟ್ಟುಪಾಡಿಲ್ಲ. ಒಂದು ವರ್ಷ, ಒಂದು ಪ್ರಮಾಣಪತ್ರ, ಹೊರಗೆ. ಆದರೂ ‘ಅನುಭವ: ಇಲ್ಲ’ ಎಂಬ ಜಾಗ ತುಂಬುತ್ತದಲ್ಲ.

ಕನ್ನಡದಲ್ಲಿ ಐಎಎಸ್ ಪರೀಕ್ಷೆ ಬರೆದು ಗೆದ್ದ ಮೊದಲಿಗರು ಯಾರು? ಕೆ. ಶಿವರಾಮ್, ರಾಮನಗರ ಸೀಮೆಯ ಉರಗಹಳ್ಳಿಯವರು. ಜ್ಞಾನಭಾರತಿ ಹಾಲ್ಟ್‌ನಲ್ಲಿ ಮೈಸೂರು ಕಡೆಯ ಪ್ಯಾಸೆಂಜರ್ ಹತ್ತಿದರೆ ಅವರ ಸೀಮೆ ಬಹಳ ದೂರವಿಲ್ಲ. ಅವರ ದಾರಿ ನೋಡಿ: ಮೊದಲು ಬೆರಳಚ್ಚು ಮತ್ತು ಶೀಘ್ರಲಿಪಿ. ಆ ವಿದ್ಯೆಯ ಬಲದಿಂದ 1973ರಲ್ಲಿ ಪೊಲೀಸ್ ಇಲಾಖೆಯಲ್ಲಿ ವರದಿಗಾರನ ನೌಕರಿ. ಕೆಲಸ ಮಾಡಿಕೊಂಡೇ ಸಂಜೆ ಕಾಲೇಜಿನಲ್ಲಿ ಪದವಿ. 1985ರಲ್ಲಿ ಕೆಎಎಸ್. ಮರುವರ್ಷ ಐಎಎಸ್. ಅಂದರೆ ಮೊದಲ ನೌಕರಿಯಿಂದ ಐಎಎಸ್‌ವರೆಗೆ 13 ವರ್ಷ, ಅಷ್ಟೂ ದಿನ ಸಂಬಳ ಬರುತ್ತಲೇ ಇತ್ತು. ಆಮೇಲೆ 1993ರಲ್ಲಿ ‘ಬಾ ನಲ್ಲೆ ಮಧುಚಂದ್ರಕೆ’ ಸಿನಿಮಾಕ್ಕೆ ನಾಯಕರೂ ಆದರು. ನಿರ್ದೇಶಿಸಿದ ನಾಗತಿಹಳ್ಳಿ ಚಂದ್ರಶೇಖರ್ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಹೇಳಿದ ಮೇಷ್ಟ್ರು. ಎಲ್ಲ ಬಿಟ್ಟು ನಾಲ್ಕು ವರ್ಷ ಬರೀ ಐಎಎಸ್‌ಗೇ ಓದುತ್ತೇನೆ ಎನ್ನುವವರನ್ನು ಕಂಡಾಗ ನನಗೆ ಈ ಶೀಘ್ರಲಿಪಿಯ ನೆನಪಾಗುತ್ತದೆ.

ಅಂದಹಾಗೆ, ಬೆರಳಚ್ಚು ಪರೀಕ್ಷೆ ಇನ್ನೂ ನಡೆಯುತ್ತಿದೆ. ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಜೂನಿಯರ್, ಸೀನಿಯರ್ ಎಂದು ‘ವಾಣಿಜ್ಯ ಪರೀಕ್ಷೆ’ಗಳನ್ನು ನಡೆಸುತ್ತದೆ. ಜಿಲ್ಲಾ ನ್ಯಾಯಾಲಯಗಳ ಬೆರಳಚ್ಚುಗಾರ, ಶೀಘ್ರಲಿಪಿಗಾರ ಹುದ್ದೆಗಳಿಗೆ ಆ ಸರ್ಟಿಫಿಕೇಟೇ ಅರ್ಹತೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿಯುವವರಿಗೂ ಒಂದು ಮಾತು: ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದು. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಫೈಲು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಗೀಚಿದ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಕೆಲಸದ ಅರ್ಜಿಯನ್ನು ಯೂನಿಕೋಡ್‌ನಲ್ಲೇ ಬರೆಯಿರಿ.

ಕೇಂದ್ರದ ಸಣ್ಣ ನೌಕರಿಗಳ ಪರೀಕ್ಷೆಯನ್ನೂ ಈಗ ಕನ್ನಡದಲ್ಲಿ ಬರೆಯಬಹುದು. ಗ್ರಾಮೀಣ ಬ್ಯಾಂಕ್ ಪರೀಕ್ಷೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಎಂದು ಘೋಷಣೆಯಾದದ್ದು 2019ರಲ್ಲಿ. ಎಸ್‌ಎಸ್‌ಸಿಯ ಎಂಟಿಎಸ್ ಪರೀಕ್ಷೆಗೆ ಈ ಸೌಲಭ್ಯ ಬಂದದ್ದು 2023ರಲ್ಲಿ. ಸಿಆರ್‌ಪಿಎಫ್, ಬಿಎಸ್‌ಎಫ್ ಮುಂತಾದ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೆ 2024ರಲ್ಲಿ. ಇಷ್ಟು ವರ್ಷ ಕೂಗಿ ಪಡೆದದ್ದನ್ನು ಬಳಸಿಕೊಳ್ಳುವವರು ಮಾತ್ರ ಕಡಿಮೆ ಎಂದು ಕೋಚಿಂಗ್ ಮೇಷ್ಟ್ರುಗಳು ಬೈಯುತ್ತಲೇ ಇರುತ್ತಾರೆ.

ಆದರೆ ಕನ್ನಡ ಪ್ರಶ್ನೆಪತ್ರಿಕೆ ಅಂದಮಾತ್ರಕ್ಕೆ ನೆಮ್ಮದಿ ಬೇಡ. 2024ರ ಆಗಸ್ಟ್ 27ರಂದು ನಡೆದ ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಅನುವಾದದ ತಪ್ಪುಗಳಿಗಾಗಿಯೇ ಡಿಸೆಂಬರ್ 29ಕ್ಕೆ ಮತ್ತೆ ನಡೆಸಬೇಕಾಯಿತು. ಪತ್ರಿಕೆಯ ಮೊದಲ ಪುಟದ ಸೂಚನೆಗಳಲ್ಲಿ, ಎರಡು ಭಾಷೆಯ ನಡುವೆ ಗೊಂದಲ ಬಂದರೆ ಯಾವುದು ಅಂತಿಮ ಎಂದು ಬರೆದಿರುತ್ತದೆ. ಅದನ್ನು ಓದದೆ ಪುಟ ತಿರುಗಿಸಬೇಡಿ. ಅರ್ಥವಾಗದ ಕನ್ನಡ ಕಂಡರೆ ಪಕ್ಕದ ಇಂಗ್ಲಿಷಿನ ಮೇಲೂ ಒಮ್ಮೆ ಕಣ್ಣಾಡಿಸಿ. ಕನ್ನಡ ನಾಡಿನಲ್ಲಿ ಹೀಗೊಂದು ಸಲಹೆ ಬರೆಯಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ ಬೆಳಿಗ್ಗೆ ಆರಕ್ಕೇ ಹೋಗಿ ನೋಡಿ. ಕೋಚಿಂಗ್ ಸೆಂಟರ್, ಪಿ.ಜಿ., ಮೆಸ್, ತಿಂಗಳ ಬಾಡಿಗೆಯ ರೀಡಿಂಗ್ ರೂಮ್ ಎಲ್ಲ ಒಂದರ ಮೇಲೊಂದು. ರೀಡಿಂಗ್ ರೂಮಿನಲ್ಲಿ ಮೂರು ಅಡಿಯ ಮರದ ಗೂಡು, ಒಂದು ಪ್ಲಗ್ ಪಾಯಿಂಟು, ಗೂಡಿನ ಗೋಡೆಗೆ ಅಂಟಿಸಿದ ಕರ್ನಾಟಕದ ನಕ್ಷೆ, ಅದರ ಕೆಳಗೆ ಪೆನ್ನಿನಲ್ಲಿ ಬರೆದ ‘ಪಿಎಸ್‌ಐ’ ಎಂಬ ಮೂರಕ್ಷರ. ಹಿಂದಿನ ಬಾಡಿಗೆದಾರ ಬರೆದದ್ದು ‘ಪಿಡಿಒ’. ಅಳಿಸಿದ ಗುರುತು ಹಾಗೇ ಇರುತ್ತದೆ. ಬಾಡಿಗೆ ಕೊಡಲಾಗದವರಿಗೆ ಹಂಪಿನಗರದ ಸಾರ್ವಜನಿಕ ಗ್ರಂಥಾಲಯವಿದೆ, ಜಾಗ ಹಿಡಿಯಲು ಬೇಗ ಹೋಗಬೇಕಷ್ಟೆ.

ಅಲ್ಲಿ ಓದುವವರಲ್ಲಿ ಬಹಳಷ್ಟು ಜನ ಸೋಲುವುದು ಪ್ರಶ್ನೆಪತ್ರಿಕೆಯಲ್ಲಿ. ಕೆಲವರು ಸೋಲುವುದು ಕಾಗದಪತ್ರದಲ್ಲಿ, ಅದು ಹೆಚ್ಚು ನೋವಿನದು. ರಾಜ್ಯದ ನೇರ ನೇಮಕಾತಿಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಒಂದರಿಂದ ಹತ್ತರವರೆಗೆ ಹಾಗೆ ಓದಿರಬೇಕು. ಓದಿದ್ದರೆ ಸಾಲದು, ಶಾಲೆಯ ಮುಖ್ಯೋಪಾಧ್ಯಾಯರು ನಿಗದಿತ ನಮೂನೆಯಲ್ಲೇ ಪ್ರಮಾಣಪತ್ರ ಬರೆದುಕೊಡಬೇಕು, ಗ್ರಾಮೀಣದ್ದಕ್ಕೆ ಬಿಇಒ ಮೇಲುರುಜು ಬೇಕು. ಎಲ್ಲವೂ ಅರ್ಜಿಯ ಕೊನೆಯ ದಿನದೊಳಗೆ ಕೈಯಲ್ಲಿರಬೇಕು. ಪ್ರಾಥಮಿಕ ಶಾಲೆ ಒಂದೂರಲ್ಲಿ, ಹೈಸ್ಕೂಲು ಇನ್ನೊಂದೂರಲ್ಲಿ ಆಗಿದ್ದರೆ ಎರಡು ಕಡೆಯದೂ. ಬೆಂಗಳೂರಿನಿಂದ ಊರಿಗೆ ಹೋದ ದಿನ ಮೇಷ್ಟ್ರು ಟ್ರೇನಿಂಗ್‌ಗೆ ಹೋಗಿರುತ್ತಾರೆ, ಮೇಷ್ಟ್ರು ಸಿಕ್ಕಿದ ದಿನ ಬಿಇಒ ಮೀಟಿಂಗಿನಲ್ಲಿರುತ್ತಾರೆ. ದಸರಾ ರಜೆಗೆ ಊರಿಗೆ ಹೋಗುವ ಎರಡು ದಿನ ಮುಂಚೆಯೇ ಹೊರಡಿ. ಶಾಲೆ ಮುಚ್ಚುವ ಮೊದಲು ಈ ಕೆಲಸ ಆಗಲಿ.

ಜಾತಿ ಪ್ರಮಾಣಪತ್ರದಲ್ಲಿಯೂ ಒಂದು ಹಳ್ಳವಿದೆ. ನಾಡಕಚೇರಿಯಲ್ಲಿ ಕೊಡುವ 2ಎ, 3ಬಿ ಪ್ರಮಾಣಪತ್ರ ಕೇಂದ್ರದ ನೌಕರಿಗೆ ನಡೆಯುವುದಿಲ್ಲ. ಅಲ್ಲಿಗೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇರೆಯೇ ಮಾಡಿಸಬೇಕು. ರಾಜ್ಯದ ಪಟ್ಟಿಯಲ್ಲಿರುವ ಜಾತಿ ಕೇಂದ್ರದ ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು. ಬ್ಯಾಂಕ್ ಪರೀಕ್ಷೆ ಪಾಸಾಗಿ, ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಇದನ್ನು ಮೊದಲ ಸಲ ಕೇಳಿಸಿಕೊಳ್ಳುವವರ ಮುಖ ನೋಡಲಾಗದು.

ಈಗ ರೆಸ್ಯೂಮೆ. ವಿಶ್ವವಿದ್ಯಾಲಯದ ಆಸುಪಾಸಿನ ಯಾವುದೇ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ನಿಮಿಷ ನಿಂತುಕೊಳ್ಳಿ.

“ಅಣ್ಣಾ, ರೆಸ್ಯೂಮೆ ಮಾಡ್ಕೊಡಿ. ಅವನದೇ ಇದೆಯಲ್ಲ, ಹೆಸರು ಮಾತ್ರ ಚೇಂಜ್ ಮಾಡಿ.”

“ಹಾಬಿ ಏನ್ ಹಾಕ್ಲಿ?”

“ಅವನು ಏನ್ ಹಾಕವ್ನೆ?”

“ಕೇಳುವುದು ಹಾಡು, ಆಡುವುದು ಕ್ರಿಕೆಟ್ಟು.”

“ಅದೇ ಇರ್ಲಿ ಬಿಡಣ್ಣ.”

ಅಪ್ಪನ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಕೊನೆಗೆ ‘ಮೇಲಿನದೆಲ್ಲ ಸತ್ಯ’ ಎಂಬ ಪ್ರಮಾಣ. ಇಪ್ಪತ್ತು ವರ್ಷದ ಹಿಂದಿನ ಈ ನಮೂನೆ ಅಂಗಡಿಯಿಂದ ಅಂಗಡಿಗೆ ಪೆನ್‌ಡ್ರೈವಿನಲ್ಲಿ ಹರಡಿದೆ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ಸೋಸುವುದು ತಂತ್ರಾಂಶ. ಎರಡು ಅಂಕಣದ ವಿನ್ಯಾಸ, ಪೆಟ್ಟಿಗೆಯೊಳಗಿನ ಅಕ್ಷರ, ಚಿತ್ರವಾಗಿ ಸ್ಕ್ಯಾನ್ ಮಾಡಿದ ಹಾಳೆ ಅದಕ್ಕೆ ಸರಿಯಾಗಿ ಓದಲು ಬಾರದೆ ಹೋಗಬಹುದು. ಒಂದೇ ಅಂಕಣ, ಸಾದಾ ಅಕ್ಷರ, ಒಂದು ಪುಟ ಸಾಕು. ‘ತಂಡದಲ್ಲಿ ಬೆರೆಯಬಲ್ಲೆ’ ಎಂಬ ಸಾಲಿನ ಬದಲು, ಎನ್‌ಎಸ್‌ಎಸ್ ಶಿಬಿರದಲ್ಲಿ 60 ಜನರ ಅಡುಗೆ ಲೆಕ್ಕ ನೋಡಿಕೊಂಡಿದ್ದರೆ ಅದನ್ನೇ ಬರೆಯಿರಿ. ಇಂಟರ್‌ವ್ಯೂನಲ್ಲಿ ಎರಡು ಪ್ರಶ್ನೆ ಅದರ ಮೇಲೇ ಬರುತ್ತವೆ, ನಿಮಗೆ ಉತ್ತರವೂ ಗೊತ್ತಿರುತ್ತದೆ.

ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಖರ್ಚಿಗೆ ಮಾಡುತ್ತಿದ್ದುದು ಮನೆಪಾಠ. 1881ರಲ್ಲಿ ಬಿ.ಎ., ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್, 1883ರಲ್ಲಿ ಮೊದಲ ಸ್ಥಾನ, 1884ರಲ್ಲಿ ಮುಂಬಯಿ ಸರ್ಕಾರದ ನೌಕರಿ. ಅವರೇ 1932ರಲ್ಲಿ ಭಾರತದ ನಿರುದ್ಯೋಗದ ಕಾರಣ ಮತ್ತು ಪರಿಹಾರಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ. ಅವರ ಹೆಸರಿನ ಕಾಲೇಜುಗಳಲ್ಲಿ ಓದಿದ ಎಷ್ಟು ಜನರಿಗೆ ಆ ಪುಸ್ತಕ ಗೊತ್ತೋ.

ಕೆಲಸ ಕೊಡಿಸುವುದು ಆಪ್ತ ಗೆಳೆಯರಲ್ಲ! ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ತೋರಿಸಿದ್ದು ಇದನ್ನೇ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ವಿಚಾರಿಸಿದರೆ, ಆ ಪರಿಚಯದವರನ್ನು ಪದೇಪದೇ ಭೇಟಿಯಾಗುತ್ತಿದ್ದವರು ಆರರಲ್ಲಿ ಒಬ್ಬರಷ್ಟೇ. ಉಳಿದವರಿಗೆಲ್ಲ ಸುದ್ದಿ ಕೊಟ್ಟವರು ಆಗೊಮ್ಮೆ ಈಗೊಮ್ಮೆ ಸಿಗುವವರು. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರನ್ನು ಇಟ್ಟುಕೊಂಡು ನಡೆಸಿದ ಅಧ್ಯಯನವೂ ಹೆಚ್ಚುಕಡಿಮೆ ಅದನ್ನೇ ಹೇಳಿತು: ತೀರಾ ಹತ್ತಿರದವರೂ ಅಲ್ಲ, ತೀರಾ ದೂರದವರೂ ಅಲ್ಲ, ನಡುವಿನವರು. ಕಾರಣ ಸರಳ. ಹಾಸ್ಟೆಲಿನ ರೂಮ್‌ಮೇಟ್‌ಗೆ ತಿಳಿದಿರುವುದೆಲ್ಲ ನಿಮಗೂ ತಿಳಿದಿರುತ್ತದೆ. ಎರಡು ವರ್ಷದ ಹಿಂದೆ ಪಾಸಾದ ಪಕ್ಕದ ವಿಭಾಗದ ಸೀನಿಯರ್‌ಗೆ, ಸೋದರತ್ತೆಯ ಮಗನ ಆಫೀಸಿನವರಿಗೆ ತಿಳಿದಿರುವುದು ಬೇರೆ. “ನಮಸ್ತೆ ಅಕ್ಕ, ನಾನು ನಿಮ್ಮ ಜೂನಿಯರ್” ಎಂದು ಒಂದು ಮೆಸೇಜ್ ಹಾಕುವುದಕ್ಕೆ ನಮ್ಮ ಹಳ್ಳಿ ಕಡೆಯ ಹುಡುಗರಿಗೆ ಸಂಕೋಚ. ನನಗೂ ಇತ್ತು, ಅದರಿಂದ ಎರಡು ವರ್ಷ ನಷ್ಟವಾಯಿತು.

ರಾಜಾಜಿನಗರದ ಜಿಟಿಟಿಸಿ ಕೇಳಿದ್ದೀರಾ? ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದದ್ದು. ಅಚ್ಚು ಮಾಡುವುದು, ಸಿಎನ್‌ಸಿ ಯಂತ್ರ ನಡೆಸುವುದು ಇಲ್ಲಿ ಕೈಯಾರೆ ಕಲಿಯಬೇಕು. ಎಂಜಿನಿಯರಿಂಗ್ ಮುಗಿಸಿಯೂ ಲೇತ್ ಮುಟ್ಟದವರು ಅಲ್ಪಾವಧಿ ಕೋರ್ಸಿಗೆ ಬರುತ್ತಾರೆ. ಕೆಲಸ ಕೊಡುವ ಕಾರ್ಖಾನೆಗಳಿರುವ ಪೀಣ್ಯ ಪಕ್ಕದಲ್ಲೇ ಇದೆ.

ಬಿಸಿಎ, ಬಿ.ಎಸ್ಸಿ. ಆದವರನ್ನು ಕೆಲಸಕ್ಕೆ ತೆಗೆದುಕೊಂಡು, ದುಡಿಯುತ್ತಲೇ ಮುಂದಿನ ಪದವಿ ಓದಿಸುವ ಪದ್ಧತಿಯನ್ನು ವಿಪ್ರೊ 1995ರಷ್ಟು ಹಿಂದೆಯೇ ಶುರುಮಾಡಿತ್ತು. ಕರಾರು ಇರುತ್ತದೆ, ಇಷ್ಟು ವರ್ಷ ಬಿಡುವಂತಿಲ್ಲ ಎಂದು.

ಬಾಂಡ್‌ಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಸಹಿ ಹಾಕಿ ಬಿಟ್ಟುಬಿಡು ಎಂದು ಸೀನಿಯರ್‌ಗಳು ಹೇಳುತ್ತಾರಲ್ಲ, ಆ ಮಾತು ಹಳತಾಯಿತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು: 3 ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕೊಡಬೇಕೆಂಬ ಷರತ್ತು ಸಿಂಧು. ಸಾರ್ವಜನಿಕ ವಲಯದ ಬ್ಯಾಂಕು ಪರೀಕ್ಷೆ ನಡೆಸಿ ನೇಮಿಸಿಕೊಳ್ಳುವ ಖರ್ಚನ್ನು ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು. ಎಲ್ಲ ಬಾಂಡೂ ಹೀಗೇ ನಿಲ್ಲುತ್ತದೆ ಎಂದಲ್ಲ. ಸಹಿಗೆ ಮುನ್ನ ಓದಬೇಕು ಎಂದಷ್ಟೇ. ಮೂಲ ಅಂಕಪಟ್ಟಿ ತಮ್ಮ ಬೀರುವಿನಲ್ಲಿಟ್ಟುಕೊಳ್ಳುತ್ತೇವೆ ಎನ್ನುವ ಕಡೆ ಮಾತ್ರ ಕಾಲಿಡಲೇಬೇಡಿ.

‘ನಿಮ್ಮ ಪ್ರೊಫೈಲ್ ಆಯ್ಕೆಯಾಗಿದೆ, ಲ್ಯಾಪ್‌ಟಾಪ್ ಠೇವಣಿ 4,500 ಕಳಿಸಿ’ ಎಂಬ ಮೆಸೇಜು ಬಂತೇ? ದುಡ್ಡು ಕೇಳಿದರೆ ಅದು ಕೆಲಸವಲ್ಲ. ಕಳಿಸಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಕೊಲ್ಲಿ ದೇಶಗಳ ಕೆಲಸಕ್ಕಾದರೆ ನೋಂದಾಯಿತ ಏಜೆಂಟ್ ತನ್ನ ಸೇವೆಗೆ ತೆಗೆದುಕೊಳ್ಳಬಹುದಾದದ್ದು ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಕಾನೂನು ಮೀರಿದ ಹಾಗೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡುವುದು ಮಾಲೀಕರ ಕರ್ತವ್ಯ. ನಿಗದಿತ ಅವಧಿಯ ಕರಾರಿನ ಮೇಲೆ ಸೇರಿದವರಿಗೆ ಗ್ರಾಚ್ಯುಟಿಗೆ 5 ವರ್ಷ ಕಾಯಬೇಕಾಗಿಲ್ಲ, 1 ವರ್ಷ ಸಾಕು. “ಮೊದ್ಲು ಸೇರ್ಕೊಳ್ಳಮ್ಮ, ಲೆಟರ್ ಆಮೇಲೆ ನೋಡೋಣ” ಎನ್ನುವವರಿಗೆ ಇದನ್ನು ವಿನಯವಾಗಿಯೇ ನೆನಪಿಸಬಹುದು.

ಕೊನೆಯದು ಸಂಬಳದ ಚೀಟಿ. ವರ್ಷಕ್ಕೆ 3.6 ಲಕ್ಷ ಅಂದರೆ ತಿಂಗಳಿಗೆ 30,000 ಎಂದು ಮನೆಗೆ ಹೇಳಿಬಿಡಬೇಡಿ. ಆ ಲೆಕ್ಕದೊಳಗೆ ಕಂಪನಿ ನಿಮ್ಮ ಪಿ.ಎಫ್.ಗೆ ಕಟ್ಟುವ ಪಾಲೂ, ಗ್ರಾಚ್ಯುಟಿಗೆಂದು ತೆಗೆದಿಡುವುದೂ ಸಾಮಾನ್ಯವಾಗಿ ಸೇರಿರುತ್ತವೆ. ನಿಮ್ಮ ಪಾಲಿನ ಪಿ.ಎಫ್. ಬೇರೆ ಕಡಿತವಾಗುತ್ತದೆ. ಸಂಬಳ 25,000 ಮುಟ್ಟಿದರೆ ಕರ್ನಾಟಕದಲ್ಲಿ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ. 2025ರ ತಿದ್ದುಪಡಿಯ ನಂತರ ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ ಒಟ್ಟು 2,500 ಆಗಲಿ ಎಂದು. ಇರುವುದರಲ್ಲೇ ದಿನ ಕಡಿಮೆಯಿರುವ ತಿಂಗಳನ್ನೇ ಹುಡುಕಿ ನೂರು ರೂಪಾಯಿ ಜಾಸ್ತಿ ಹಿಡಿದಿದ್ದಾರೆ.